ಹೂಂ ಅನ್ನದ ಕಿವಿ

ನಮ್ಮ ಚಿಗವ್ವ ಕತೆ ಹೇಳಲು ಕೂತರೆ ಕೇಳುವವರಿಗೊಂದು ಕಟ್ಟಳೆ ಇತ್ತು. ಎರಡು ಮೂರು ಮಾತಿಗೊಮ್ಮೆ, ಆಕೆ ಉಸಿರು ಬಿಡುವ ಜಾಗದಲ್ಲಿ, ಯಾರಾದರೂ ಹೂಂ ಅನ್ನಬೇಕು. ಹೂಂ ಬರದಿದ್ದರೆ ಕತೆ ಅಲ್ಲಿಗೇ ನಿಲ್ಲುತ್ತಿತ್ತು. "ಯಾರಿಗೆ ಹೇಳಾಕತ್ತೇನಿ ನಾ, ಗ್ವಾಡಿಗೇನು?" ಎಂದು ಎದ್ದು ಒಲೆಯ ಕಡೆ ಹೋಗಿಬಿಡುತ್ತಿದ್ದಳು. ಆಮೇಲೆ ಎಷ್ಟು ಅಂಗಲಾಚಿದರೂ ಆ ದಿನಕ್ಕೆ ಅಷ್ಟೇ.

ನಮ್ಮವ್ವ ತೀರಿಕೊಂಡಾಗ ನಾನೂ ನನ್ನ ತಮ್ಮನೂ ಇನ್ನೂ ಸಣ್ಣವರು. ನಾಲ್ಕು ದಿನ ಮನೆ ನೋಡಿಕೊಂಡು ಹೋಗಲೆಂದು ಬಂದ ಅವ್ವನ ತಂಗಿ, ಈ ಚಿಗವ್ವ, ಬ್ಯಾಡಗಿಯ ನಮ್ಮ ಮನೆಯಲ್ಲೇ ಉಳಿದಳು. ನಮಗೆ ಉಣ್ಣಿಸಬೇಕಾದರೆ ಆಕೆಗೆ ಕತೆ ಬೇಕಿತ್ತು. ತಮ್ಮ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ಹೂಂ ಅನ್ನುತ್ತಿದ್ದ, ನಿದ್ದೆ ಹತ್ತಿದ ಮೇಲೂ ಹೂಂ ಅನ್ನುತ್ತಿದ್ದ. ನಾನು ಮಾತ್ರ "ಅದು ಹೆಂಗ ಆಗತೈತಿ?" ಎಂದು ಅಡ್ಡಬಾಯಿ ಹಾಕುತ್ತಿದ್ದೆ. ಈ ಹುಡುಗಿ ಮುಂದೆ ವಕೀಲಕಿ ಮಾಡುತ್ತಾಳೆ ಎಂದು ಚಿಗವ್ವ ಬೈಯುತ್ತಿದ್ದಳು. ಬೈಗುಳ ಫಲಿಸಿತು. ಈಗ ನಾನು ಹಾವೇರಿಯ ಕೋರ್ಟಿನಲ್ಲಿ ದಿನವಿಡೀ ಅಡ್ಡಬಾಯಿ ಹಾಕಿ ಹೊಟ್ಟೆ ಹೊರೆಯುತ್ತೇನೆ.

ಮನೆಯ ಹಿಂದೆಯೇ ನಮ್ಮ ಮೆಣಸಿನಕಾಯಿಯ ವಖಾರ. ತಗಡಿನ ಮಾಡು, ಮುಂದೆ ಕಲ್ಲು ಹಾಸಿದ ಅಂಗಳ. ಸುಗ್ಗಿಯ ತಿಂಗಳುಗಳಲ್ಲಿ ಅಲ್ಲಿ ಹೆಂಗಸರು ಸಾಲಾಗಿ ಕೂತು ಕಾಯಿಯ ತೊಟ್ಟು ಬಿಡಿಸುತ್ತಾರೆ, ಬಿಳಿಚಿಕೊಂಡದ್ದನ್ನು ಬೇರೆ ಮಾಡುತ್ತಾರೆ. ಘಾಟಿಗೆ ಎಲ್ಲರ ಮೂಗು ಬಾಯಿಗೂ ಬಟ್ಟೆ ಕಟ್ಟಿರುತ್ತದೆ, ಕಣ್ಣಷ್ಟೇ ಕಾಣುತ್ತವೆ. ಮೇಲ್ವಿಚಾರಣೆ ಚಿಗವ್ವನದು. ಆದರೆ ಆಕೆಯೂ ಬುಟ್ಟಿ ಮುಂದಿಟ್ಟುಕೊಂಡೇ ಕೂರುತ್ತಾಳೆ, ಕೈ ತೊಟ್ಟು ಬಿಡಿಸುತ್ತಿರುತ್ತದೆ, ಬಟ್ಟೆಯ ಒಳಗಿನಿಂದ ಬಾಯಿ ಕತೆ ಹೇಳುತ್ತಿರುತ್ತದೆ. ನಮ್ಮ ವಖಾರಕ್ಕೆ ಹೆಂಗಸರು ಹುಡುಕಿಕೊಂಡು ಬರುತ್ತಿದ್ದದ್ದಕ್ಕೆ ಆ ಕತೆಯೂ ಒಂದು ಕಾರಣ. ಕಾಗಿನೆಲೆ ಕಡೆಯಿಂದ ಬೆಳಗಿನ ಬಸ್ಸಿಗೆ ಬರುವ ಒಬ್ಬಾಕೆ ಇದ್ದಾಳೆ, ಗಟ್ಟಿ ಗಂಟಲಿನವಳು. ಹೂಂ ಅನ್ನುವ ಕೆಲಸ ಆಕೆಯದು. ಆಕೆ ರಜೆ ಹಾಕಿದ ದಿನ ಕತೆಯೂ ರಜೆ.

ವಖಾರಕ್ಕೆ ಕ್ಯಾಮರಾ ಬಂದ ವರ್ಷ ನಡೆಯುತ್ತಿದ್ದ ಕತೆ ಸೀನಬಾರದ ಮನೆಯದು. ಒಬ್ಬ ಸಾಹುಕಾರ. ಯಾವಾಗಲೋ ವ್ಯಾಪಾರ ಕುದುರುವ ಹೊತ್ತಿಗೆ ಯಾರೋ ಸೀನಿದರು, ವ್ಯಾಪಾರ ಮುರಿಯಿತು. ಅಂದಿನಿಂದ ನನ್ನ ಮನೆಯಲ್ಲಿ ಯಾರೂ ಸೀನಕೂಡದು ಎಂದು ಅವನ ಹುಕುಂ. ಆದರೆ ಅವನ ವ್ಯಾಪಾರವೇ ಮೆಣಸಿನಕಾಯಿಯದು. ಸೊಸೆಯಂದಿರು ಮೂಗು ಹಿಡಿದುಕೊಂಡು ಪಕ್ಕದ ಮನೆಗೆ ಓಡುತ್ತಾರೆ, ಎತ್ತು ಸೀನಿದರೆ ಎತ್ತನ್ನು ಮಾರುತ್ತಾರೆ, ಸ್ವತಃ ಸಾಹುಕಾರ ವರ್ಷಗಟ್ಟಲೆಯ ಸೀನನ್ನು ಒಳಗೇ ತಡೆದುಕೊಂಡು ಉಬ್ಬಿದ್ದಾನೆ. ಈ ಸಾಹುಕಾರನಿಗೆ ಒಂದು ಚಾಳಿ, ಮಾತು ಮಾತಿಗೆ ಅಂಗಿಯ ಕಿಸೆ ಮುಟ್ಟಿ ನೋಡಿಕೊಳ್ಳುವುದು. ಇದು ನನ್ನ ತಮ್ಮನ ಚಾಳಿ. ಕಿಸೆಯಲ್ಲಿ ಫೋನು ಇದೆಯೋ ಇಲ್ಲವೋ ಎಂದು ಅವನು ಮುಟ್ಟಿ ನೋಡದೆ ಒಂದು ಚಹ ಕುಡಿಯಲಾರ. ಕತೆಯಲ್ಲಿ ಕಿಸೆ ಬಂದಾಗಲೆಲ್ಲ ಹೆಂಗಸರು ಬಟ್ಟೆಯ ಒಳಗೇ ನಕ್ಕು ಸಾಯುತ್ತಿದ್ದರು.

ತಮ್ಮನಿಗೆ ಮದುವೆಯಾದ ಮೇಲೆ ರಾಣೆಬೆನ್ನೂರಿನಲ್ಲಿ ಒಂದು ಬೀಜದ ಅಂಗಡಿಯೂ ಆಯಿತು. ಹಗಲೆಲ್ಲ ಅಲ್ಲಿರುತ್ತಾನೆ, ಸಂಜೆ ಬ್ಯಾಡಗಿಗೆ ಬರುತ್ತಾನೆ. ಹಿಂದಿನ ಸುಗ್ಗಿಯಲ್ಲಿ ನಮ್ಮ ಓಣಿಯ ಮತ್ತೊಂದು ವಖಾರದಿಂದ ಚೀಲಗಳು ಕಾಣೆಯಾದವು. ಒಣಗಿದ ಕಾಯಿಗೆ ಒಂದು ಬೀಡಿಯ ಕಿಡಿ ಸಾಕು ಅನ್ನುವ ಹೆದರಿಕೆ ಮೊದಲಿಂದ ಇದ್ದೇ ಇತ್ತು. ತಮ್ಮ ಕ್ಯಾಮರಾ ಹಾಕಿಸಿದ. ಅಂಗಳದ ಕಂಬಕ್ಕೆ ಬಿಳಿಯ ಗುಂಡನೆಯದೊಂದು, ಒಳಗೆ ಮತ್ತೊಂದು. ರಾಣೆಬೆನ್ನೂರಿನ ಅಂಗಡಿಯಲ್ಲಿ ಕೂತು ಫೋನಿನಲ್ಲಿ ಎಲ್ಲ ನೋಡಬಹುದು. ಹೆಂಗಸರು ಎರಡು ದಿನ ಸೆರಗು ಸರಿಮಾಡಿಕೊಂಡರು, ಮೂರನೆಯ ದಿನ ಮರೆತರು. ಮುಖವೇ ಕಾಣದ ಮೇಲೆ ನೋಡುವುದೇನು ಎಂದು ಕಾಗಿನೆಲೆಯಾಕೆ ತೀರ್ಪು ಕೊಟ್ಟಳು. ನಾನೂ ತಲೆ ಕೆಡಿಸಿಕೊಳ್ಳಲಿಲ್ಲ. ಕಳ್ಳತನ ಆದಮೇಲೆ ನನ್ನ ಹತ್ತಿರ ಬರುವುದಕ್ಕಿಂತ ಮೊದಲೇ ಒಂದು ಕ್ಯಾಮರಾ ಇರುವುದು ಲೇಸು.

ಆ ಕ್ಯಾಮರಾಕ್ಕೆ ಕಿವಿಯೂ ಇದೆ ಎಂದು ನಮಗೆ ಗೊತ್ತಾದದ್ದು ಒಂದು ಭಾನುವಾರ, ಊಟದ ಹೊತ್ತಿಗೆ.

ಭಾನುವಾರ ನಾನು ಹಾವೇರಿಯಿಂದ ತವರಿಗೆ ಬರುವುದು ರೂಢಿ. ಅಂದು ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಚಟ್ನಿ. ಎಲ್ಲರೂ ಖುಷಿಯಲ್ಲಿದ್ದೆವು. ತಮ್ಮ ಎರಡನೆಯ ರೊಟ್ಟಿ ಮುರಿಯುತ್ತ, ಬಹಳ ಸಲಿಗೆಯಿಂದ ಕೇಳಿದ.

"ಚಿಗವ್ವಾ, ನಿನ್ನ ಸಾವ್ಕಾರ ಸೀನಿದನೇನು, ಇನ್ನೂ ತಡಕೊಂಡ ಕುಂತಾನೋ?"

ಚಿಗವ್ವ ಚಟ್ನಿ ಬಡಿಸುತ್ತಿದ್ದ ಕೈ ತಡೆದಳು. "ಯಾವ ಸಾವ್ಕಾರ?"

"ಅದ, ಕಿಸೆ ಮುಟ್ಟಿ ಮುಟ್ಟಿ ನೋಡಾಂವ." ಅವನು ನಗುತ್ತಲೇ ಇದ್ದ. "ಶುಕ್ರವಾರ ಸೊಸಿ ಅಟ್ಟ ಏರಿದಳು ನೋಡು, ಅಷ್ಟರಾಗ ನನ್ನ ಅಂಗಡಿಗೆ ಗಿರಾಕಿ ಬಂದ್ರು. ಮುಂದಿಂದು ತಪ್ಪಿಹೋತು."

ಯಾರೂ ನಗಲಿಲ್ಲ. ಅವನ ಹೆಂಡತಿ ತಾಟು ನೋಡುತ್ತ ಕೂತಳು. ತಾನು ಏನು ಹೇಳಿಬಿಟ್ಟೆ ಎಂದು ಅವನಿಗೆ ಹೊಳೆಯುವಷ್ಟರಲ್ಲಿ ಚಿಗವ್ವ ಕೈ ತೊಳೆದು ಎದ್ದಿದ್ದಳು. ಜಗಳ ಆಡಲಿಲ್ಲ. ಹೊಸಿಲ ಹತ್ತಿರ ತಿರುಗಿ ಒಂದೇ ಮಾತು ಅಂದಳು.

"ಇಷ್ಟ ದಿನಾ ಕೇಳಿದ್ಯಲ್ಲ, ಒಮ್ಮೆರೆ ಹೂಂ ಅಂದೀಯೇನು?"

ಸೋಮವಾರ ಆಕೆ ವಖಾರಕ್ಕೆ ಹೋದಳು, ಬುಟ್ಟಿ ಮುಂದಿಟ್ಟುಕೊಂಡು ಕೂತಳು, ಕತೆ ಹೇಳಲಿಲ್ಲ. ಯಾಕೆಂದು ಹೆಂಗಸರು ಕೇಳಿದರು. ಚಿಗವ್ವ ಕಂಬದ ಕಡೆ ಕೈ ತೋರಿಸಿದಳು. ಅಷ್ಟೇ ಸಾಕಾಯಿತು. ಗಂಡನ ಮೇಲಿನ ಸಿಟ್ಟು, ಅತ್ತೆಯ ಮೇಲಿನ ಚಾಡಿ, ಮಗಳಿಗೆ ಬಂದ ವರನ ಮೂಗು, ತಮ್ಮ ತಮ್ಮ ಮೈಯ ಬೇನೆ, ಇಷ್ಟು ದಿನ ಆ ಅಂಗಳದಲ್ಲಿ ಆಡಿದ ಮಾತೆಲ್ಲ ಒಂದೊಂದಾಗಿ ಎಲ್ಲರಿಗೂ ನೆನಪಾಗಿರಬೇಕು. ಅಂದಿನಿಂದ ವಖಾರದಲ್ಲಿ ತೊಟ್ಟು ಮುರಿಯುವ ಸಪ್ಪಳ ಬಿಟ್ಟರೆ ಬೇರೆ ಸಪ್ಪಳವಿಲ್ಲ. ಬುಧವಾರದ ಹೊತ್ತಿಗೆ ಚಿಗವ್ವ ಮೈ ಹಗುರ ಇಲ್ಲವೆಂದು ಮನೆಯಲ್ಲೇ ಮಲಗಿದಳು.

ಸುದ್ದಿ ಕೇಳಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸಿಟ್ಟು ನನಗೆ ಸಸಾರ, ಹಸಿವಿಗಿಂತ ಬೇಗ ಬರುತ್ತದೆ. ಆದರೆ ಈ ಸಲ ಸಿಟ್ಟಿನ ಕೆಳಗೆ ಹೆದರಿಕೆಯೂ ಇತ್ತು. ಚಿಗವ್ವನಿಗೆ ಬೀಪಿಯಿಲ್ಲ, ಸಕ್ಕರೆ ಕಾಯಿಲೆಯಿಲ್ಲ, ಆಕೆಯನ್ನು ಎಬ್ಬಿಸಿ ಕೂರಿಸುತ್ತಿದ್ದ ಔಷಧ ಅಂಗಳದ ಮಾತೊಂದೇ. ಮಾತು ನಿಂತರೆ ಆಕೆ ಹಾಸಿಗೆ ಹಿಡಿಯುತ್ತಾಳೆ ಎಂದು ನನಗೆ ಗಟ್ಟಿಯಾಗಿ ಅನ್ನಿಸಿತ್ತು. ತಮ್ಮನಿಗೆ ಫೋನು ಹಚ್ಚಿದೆ.

"ಖಾಸಗಿತನ ಮೂಲಭೂತ ಹಕ್ಕು ಅಂತ ದೊಡ್ಡ ಕೋರ್ಟ ಹೇಳೇತಿ, ಗೊತ್ತೈತಿಲ್ಲ ನಿನಗ? ಮಂದಿ ಮಾತು ಅವರಿಗೆ ತಿಳೀಲಾರದಂಗ ಕೇಳೂದು ಅಂದ್ರೇನು?"

"ಅಕ್ಕಾ, ನನ್ನ ವಖಾರ, ನನ್ನ ಕ್ಯಾಮರಾ. ಕಳವಾದ್ರ ನೀ ಬಂದು ಕಾಯತೀಯೇನು?"

"ಕಣ್ಣು ಇಟ್ಟಿ, ಬ್ಯಾಡ ಅಂದಿಲ್ಲ. ಕಿವಿ ಯಾಕ ಇಟ್ಟಿ?"

"ನಾ ಇಟ್ಟಿಲ್ಲ, ಅದರೊಳಗ ಇತ್ತು." ಆಮೇಲೆ ಮೆತ್ತಗೆ ಅಂದ. "ಮಧ್ಯಾಹ್ನ ಅಂಗಡ್ಯಾಗ ಒಬ್ಬಾಂವ ಕುಂತಿದ್ದೆ. ಸುಮ್ಮನ ಒತ್ತಿ ನೋಡಿದೆ. ಚಿಗವ್ವ ಕತಿ ಹೇಳಾಕತ್ತಿದ್ದಳು. ಬಂದ್ ಮಾಡಾಕ ಮನಸ್ಸಾಗಲಿಲ್ಲ, ಅಕ್ಕಾ."

ನಾನು ಹೂಡಿಟ್ಟುಕೊಂಡಿದ್ದ ವಾದವೆಲ್ಲ ಅಲ್ಲಿಗೆ ಸಡಿಲಾಯಿತು. ಆ ಧ್ವನಿ, ಆ ಕತೆ ಕೇಳುತ್ತ ಬೆಳೆದವರು ನಾವಿಬ್ಬರೇ. ರಾಣೆಬೆನ್ನೂರಿನ ಸುಡು ಮಧ್ಯಾಹ್ನದಲ್ಲಿ, ಬೀಜದ ಪೊಟ್ಟಣಗಳ ನಡುವೆ, ಫೋನು ಕಿವಿಗೆ ಹಿಡಿದುಕೊಂಡು ಕೂತ ನಲವತ್ತು ದಾಟಿದ ತಮ್ಮನನ್ನು ನೆನೆದು ನನಗೆ ಪಾಪ ಅನ್ನಿಸಿತು. ಆದರೂ ಬಿಡಲಿಲ್ಲ. ಇವತ್ತೇ ಬಂದ್ ಮಾಡು ಅಂದೆ. ಆಗಲೇ ಬಂದ್ ಮಾಡಿದ್ದೇನೆ, ಭಾನುವಾರವೇ, ಅಂದ.

ಮುಗಿಯಿತಲ್ಲ ಎಂದುಕೊಂಡೆ. ಅಸಲು ಪೇಚು ಅಲ್ಲಿಂದ ಶುರುವಾಯಿತು. ಬಂದ್ ಮಾಡಿದ್ದಾನೆ ಎಂದು ಅವನು ಹೇಳುತ್ತಾನೆ, ಸರಿ. ಕಂಡವರು ಯಾರು? ಕ್ಯಾಮರಾದ ಹಸಿರು ದೀಪ ಮೊದಲು ಹೇಗೆ ಮಿಣುಕುತ್ತಿತ್ತೋ ಈಗಲೂ ಹಾಗೇ ಮಿಣುಕುತ್ತದೆ. ಅದು ಮುಚ್ಚಿದ ಕಿವಿಯೋ ತೆರೆದ ಕಿವಿಯೋ, ಕೆಳಗೆ ಕೂತವರಿಗೆ ತಿಳಿಯುವ ದಾರಿಯೇ ಇಲ್ಲ.

ಕಾಗಿನೆಲೆಯಾಕೆ ತನ್ನದೇ ಪರೀಕ್ಷೆ ನಡೆಸಿದಳಂತೆ. ಕಂಬದ ಕೆಳಗೆ ನಿಂತು, ಸಾಹುಕಾರರಿಗೆ, ಅಂದರೆ ನನ್ನ ತಮ್ಮನಿಗೆ, ಹೊಟ್ಟೆ ಬಂದಿದೆ, ತಲೆಗೂದಲು ಹೋಗಿದೆ, ಹೆಂಡತಿಗೆ ಹೆದರುತ್ತಾರೆ ಎಂದು ಗಟ್ಟಿಯಾಗಿ ಸಾರಿದಳು. ಸಂಜೆ ತಮ್ಮ ಬಂದಾಗ ಎಲ್ಲ ಹೆಂಗಸರೂ ಅವನ ಮುಖವನ್ನೇ ನೋಡಿದರು. ಅವನು ಎಂದಿನಂತೆ ಕಿಸೆ ಮುಟ್ಟಿಕೊಂಡು ಚೀಲ ಎಣಿಸಿ ಒಳಗೆ ಹೋದ.

"ಕೇಳಿಲ್ಲ ಅಂತ ಆತಲ್ಲ ಮತ್ತ?" ಎಂದು ನಾನು ಕೇಳಿದೆ.

"ಕೇಳಿ ಸುಮ್ಮನ ಇರಬಾರದೇನ್ರಿ? ಇಷ್ಟ ದಿನಾ ಹಂಗ ಇದ್ರಲ್ಲ," ಅಂದಳು. ಕೋರ್ಟಿನಲ್ಲಿ ಇಂಥ ಎದುರು ವಕೀಲರು ಸಿಕ್ಕರೆ ನಾನು ಮುಂದಿನ ತಾರೀಖು ಕೇಳುತ್ತೇನೆ.

ಹಾವೇರಿಯ ವಕೀಲರ ಕೋಣೆಯಲ್ಲಿ ಈ ವಿಷಯ ತೆಗೆದೆ. ಅಲ್ಲಿ ಎರಡು ಪಂಗಡವಾಗದೆ ಚಹ ಬರುವುದಿಲ್ಲ. ನನಗಿಂತ ಹಿರಿಯರೊಬ್ಬರಿದ್ದಾರೆ, ನನ್ನನ್ನು ಕೆಣಕುವುದೇ ಅವರಿಗೆ ವಿಶ್ರಾಂತಿ.

"ತಪ್ಪು ಮಾತಾಡದವರಿಗೆ ಅಂಜಿಕಿ ಯಾಕ್ರಿ ಮೇಡಂ? ಧ್ವನಿ ಇದ್ರ ನಾಳೆ ಸಾಕ್ಷಿ ಆಗತೈತಿ."

"ಹಂಗಾದ್ರ ನೀವು ಕಕ್ಷಿದಾರರ ಜೋಡಿ ಮಾತಾಡೂಮುಂದ ಆ ಬೇವಿನ ಗಿಡದ ಬುಡಕ್ಕ ಯಾಕ ಹೋಗತೀರಿ? ಇಲ್ಲೇ ನಮ್ಮ ಮುಂದ ಮಾತಾಡ್ರಿ."

ಕೋಣೆಯೆಲ್ಲ ನಕ್ಕಿತು. ಅವರೂ ನಕ್ಕರು. ಆದರೆ ಮುದುಕರ ಹತ್ತಿರ ಇನ್ನೊಂದು ಪ್ರಶ್ನೆ ಉಳಿದಿತ್ತು. "ಅದು ಬಿಡ್ರಿ. ನಿಮ್ಮ ತಮ್ಮ ಬಂದ್ ಮಾಡ್ಯಾನ ಅಂತ ಹೆಂಗ ಸಾಬೀತು ಮಾಡತೀರಿ? ಕೇಳಿದ್ದಕ್ಕ ಪುರಾವೆ ಸಿಗತೈತಿ. ಕೇಳಿಲ್ಲ ಅನ್ನೂದಕ್ಕ ಎಲ್ಲಿಂದ ತರತೀರಿ?"

ತಣ್ಣಗಾದ ಚಹ ಕುಡಿದು ಎದ್ದೆ. ಅವರು ಗೆದ್ದದ್ದು ನನಗೆ ಸರಿಬೀಳಲಿಲ್ಲ, ಅವರು ಹೇಳಿದ್ದು ಸರಿಯಿತ್ತು ಅನ್ನುವುದು ಇನ್ನೂ ಸರಿಬೀಳಲಿಲ್ಲ.

ವಕೀಲರಿಗೆ ದಾರಿ ಕಾಣದಿದ್ದಾಗ ಕಾಗದ ಕಾಣುತ್ತದೆ. ನಾನು ಒಂದು ಒಪ್ಪಿಗೆ ಪತ್ರ ಬರೆದೆ. ಈ ಸ್ಥಳದಲ್ಲಿ ಚಿತ್ರ ಮಾತ್ರ ಸೆರೆಹಿಡಿಯಲಾಗುವುದು, ಧ್ವನಿಯನ್ನು ಸೆರೆಹಿಡಿಯತಕ್ಕದ್ದಲ್ಲ, ಸದರಿ ವಿಷಯವನ್ನು ಓದಿ ತಿಳಿದು ಒಪ್ಪಿ, ಎಂದೆಲ್ಲ. ಮಾತು ನಾಲ್ಕು, ಸದರಿ ಹತ್ತು. ಕೆಳಗೆ ಎಲ್ಲರ ರುಜುವಿಗೆ ಜಾಗ. ಮುಂದಿನ ಭಾನುವಾರ ಅದನ್ನು ವಖಾರಕ್ಕೆ ಒಯ್ದು ಗಟ್ಟಿಯಾಗಿ ಓದಿದೆ. ಪಾಪ, ಹೆಂಗಸರು ಮುಗಿಯುವ ತನಕ ಕೇಳಿದರು.

"ಅಕ್ಕಾರ," ಅಂದಳು ಕಾಗಿನೆಲೆಯಾಕೆ, "ಸಾವ್ಕಾರ್ರು ಮಾತು ತಪ್ಪಬಾರದು ಅಂದ್ರ ಅವರ ಕಡೆಯಿಂದ ಸೈ ತಗೋರಿ. ನಮ್ಮ ಸೈ ಯಾಕ? ನಮ್ಮ ಕಡೆಯಿಂದ ಸೈ ತಗೊಂಡಾಗೆಲ್ಲ ನಮ್ಮದ ಏನರೆ ಹೋಗೇತಿ."

ಕಾಗದ ಮಡಚಿ ಚೀಲದಲ್ಲಿಟ್ಟುಕೊಂಡೆ. ಆಮೇಲೆ ಅದರ ಮೇಲೆ ಶೇಂಗಾ ಸಿಪ್ಪೆ ಹಾಕಿದ್ದು ನೆನಪಿದೆ.

ಆ ಸಂಜೆ ಚಿಗವ್ವನ ಕೋಣೆಯಲ್ಲಿ ಕೂತೆ. ಆಕೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತಮ್ಮನೂ ಬಂದು ಹಾಸಿಗೆಯ ತುದಿಯಲ್ಲಿ ಕೂತ. ಕ್ಯಾಮರಾ ಕಿತ್ತು ಹಾಕುತ್ತೇನೆ ಎಂದ. ಚಿಗವ್ವ ಎದ್ದು ಕೂತಳು.

"ಯಾಕ ಕೀಳತೀ? ಕಳವಾದ್ರ ಏನ್ ಮಾಡತೀ? ಇರ್ಲಿ."

"ಮತ್ತ ನೀ ಮಾತಾಡವಲ್ಲಿ."

"ನಾನೇನು ಕಳ್ಳ ಮಾತು ಆಡತಿದ್ನೇನು? ಕೇಳಬ್ಯಾಡ ಅಂದೀನೇನು ನಿನಗ? ಸಣ್ಣಾಂವ ಇದ್ದಾಗಿಂದ ನಿನಗಾಗಿ ಹೇಳಿದ ಕತಿ ಅವು." ಆಕೆ ಬಿಚ್ಚಿದ ಕೂದಲನ್ನು ಗಂಟು ಹಾಕಿಕೊಂಡಳು. "ಕೇಳಾಂವ ಹೂಂ ಅನಬೇಕು. ಅದು ಬಿಟ್ಟು ನಂದೇನು ಬ್ಯಾರೆ ಕಾಯ್ದೆ ಇಲ್ಲ. ನಿನ್ನ ಯಂತ್ರಕ್ಕ ಬಾಯಿ ಐತೇನು?"

ಬಾಯಿ ಇತ್ತು. ಆ ಕ್ಯಾಮರಾದ ಮೂಲಕ ಮಾತಾಡಲೂ ಬರುತ್ತದೆ ಎಂದು ತಮ್ಮ ಒಪ್ಪಿಕೊಂಡ.

"ಹಂಗಾದ್ರ ಕಿವಿ ತೆರದಾಗ ಹೂಂ ಅನ್ನು. ಹೂಂ ಇಲ್ಲಂದ್ರ ನೀ ಇಲ್ಲ ಅಂತ ತಿಳಕೋತೇನಿ."

ಇಲ್ಲಿ ನನ್ನ ಹಳೆಯ ರೋಗ ಕೆರಳಿತು. "ಚಿಗವ್ವಾ, ಅದು ಹೆಂಗ ಆಗತೈತಿ? ಕೇಳಿಯೂ ಹೂಂ ಅನ್ನದ ಇದ್ರ?"

ಚಿಗವ್ವ ನನ್ನನ್ನು ನೋಡಿದ ನೋಟ ಇವತ್ತಿಗೂ ಕಣ್ಣಿಗೆ ಕಟ್ಟಿದೆ. "ನೀ ಆಗಿದ್ರ ನಂಬತಿರಲಿಲ್ಲ. ಇಂವ ಕತಿ ಕೇಳಿ ಹೂಂ ಅನ್ನದ ಇರಾಕ ಆಗಾಂವಲ್ಲ. ನಿದ್ದಿಗಣ್ಣಾಗ ಅಂದಾನ. ಜ್ವರ ಬಂದಾಗ ಅಂದಾನ."

ಸಾಬೀತು ಎಲ್ಲಿಂದ ತರುತ್ತೀರಿ ಎಂದು ಕೇಳಿದ ಹಿರಿಯ ವಕೀಲರಿಗೆ ಈ ಪುರಾವೆಯನ್ನು ನಾನು ಇವತ್ತಿನವರೆಗೂ ಹೇಳಿಲ್ಲ. ಹೇಳಿದರೆ ಅವರು ನಗುತ್ತಾರೆ, ನನಗೆ ಸಿಟ್ಟು ಬರುತ್ತದೆ.

ಸೋಮವಾರ ಚಿಗವ್ವ ಎದ್ದು ವಖಾರಕ್ಕೆ ಹೋದಳು. ಮಧ್ಯಾಹ್ನ ಕತೆ ಶುರುಮಾಡಿದಳಂತೆ. ಸೊಸೆ ಅಟ್ಟ ಏರಿ, ಹಳೆಯ ಮಣ್ಣಿನ ಹರವಿಯಲ್ಲಿ ತಲೆಯಿಟ್ಟು ಸೀನಿದಳು, ಆ ಸೀನು ಹರವಿಯಲ್ಲೇ ಉಳಿಯಿತು, ಅನ್ನುವಲ್ಲಿ ಉಸಿರು ಬಿಟ್ಟಳು. ಕಂಬದ ಮೇಲಿನಿಂದ ಗೊರಗೊರ ದನಿಯಲ್ಲಿ "ಹೂಂ" ಬಂತು. ಹೆಂಗಸರು ಬೆಚ್ಚಿ ಚೀರಿದರು, ಒಬ್ಬಳ ಬುಟ್ಟಿ ಮಗುಚಿತು, ಅಂಗಳವೆಲ್ಲ ಕೆಂಪಾಯಿತು. ಆಮೇಲೆ ಬಿದ್ದು ಬಿದ್ದು ನಕ್ಕರು. ಹೂಂ ಅನ್ನುವ ತನ್ನ ಕೆಲಸ ಸಾಹುಕಾರರು ಕಸಿದುಕೊಂಡರು ಎಂದು ಕಾಗಿನೆಲೆಯಾಕೆ ನನ್ನ ಹತ್ತಿರ ಫಿರ್ಯಾದಿ ತಂದಳು.

ಅದರ ಸುಖ ಮೂರು ನಾಲ್ಕು ದಿನ. ಕೆಡಿಸಿದವರು ಮೇಡ್ಲೇರಿಯ ರೈತರೊಬ್ಬರು. ಅವರು ಬೀಜ ಕೊಳ್ಳಲು ಬಂದ ಹೊತ್ತಿಗೆ ತಮ್ಮ ಅಂಗಡಿಯಲ್ಲಿ ಫೋನಿಗೆ ಕಿವಿಗೊಟ್ಟು ಕೂತಿದ್ದ. ರೇಟಿನಲ್ಲಿ ಸ್ವಲ್ಪ ಕಡಿಮೆ ಮಾಡುತ್ತೀರಾ ಎಂದು ರೈತರು ಕೇಳಿದರು. ಅದೇ ಹೊತ್ತಿಗೆ ಬ್ಯಾಡಗಿಯಲ್ಲಿ ಚಿಗವ್ವ ಉಸಿರು ಬಿಟ್ಟಳು. ತಮ್ಮ ಹೂಂ ಅಂದ. ಎಲ್ಲ ಪೊಟ್ಟಣಕ್ಕೂ ಕಡಿಮೆ ಮಾಡುತ್ತೀರಾ ಎಂದರು. ತಮ್ಮ ಮತ್ತೊಮ್ಮೆ, ಇನ್ನೂ ಭಾವ ತುಂಬಿ, ಹೂಂ ಅಂದ. ಮಾತು ಕೊಟ್ಟ ಮೇಲೆ ತಿರುಗಿಸುವ ಹಾಗಿಲ್ಲ, ರೈತರು ಆಶೀರ್ವಾದ ಮಾಡಿ ಹೋದರು. ಮರುದಿನ ಅವರ ಓಣಿಯೆಲ್ಲ ಅಂಗಡಿಗೆ ಬಂತು.

ಇನ್ನು ಅಂಗಡಿಯ ಹೊತ್ತಿನಲ್ಲಿ ಕಿವಿ ಬಂದ್ ಎಂದು ತಮ್ಮ ಚಿಗವ್ವನಿಗೆ ಹೇಳಿಯೇ ಬಂದ್ ಮಾಡಿದ. ಚಿಗವ್ವ ಆಗಲಿ ಅಂದಳು.

ಕೋರ್ಟಿಗೆ ರಜೆಯಿದ್ದ ಒಂದು ಗುರುವಾರ ನಾನು ವಖಾರದಲ್ಲಿದ್ದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹೆಂಗಸರ ಸಾಲಿನ ಕೊನೆಗೆ, ತೊಟ್ಟು ಬಿಡಿಸುವ ನಾಟಕ ಮಾಡುತ್ತ ಕೂತಿದ್ದೆ. ನಾನು ಒಂದು ಬಿಡಿಸುವಷ್ಟರಲ್ಲಿ ಪಕ್ಕದಾಕೆ ಒಂದು ಹಿಡಿ ಬಿಡಿಸಿರುತ್ತಿದ್ದಳು. ಅಂಗಳದಲ್ಲಿ ಮಾತು ಮರಳಿತ್ತು. ವರನ ಮೂಗು ಮರಳಿತ್ತು, ಅತ್ತೆಯರು ಮರಳಿದ್ದರು. ಬಿಸಿಲು ಮಾಡಿನ ಅಂಚಿಗೆ ಬಂದಾಗ ಚಿಗವ್ವ ಕತೆ ಎತ್ತಿಕೊಂಡಳು.

ಕತೆ ತುದಿಗೆ ಬಂದಿತ್ತು. ದೊಡ್ಡ ವ್ಯಾಪಾರಿಗಳು ಸಾಹುಕಾರನ ಮನೆಗೆ ಬಂದಿದ್ದಾರೆ. ಮಾತು ಮುಗಿದು ಇನ್ನೇನು ಎಲೆ ಅಡಿಕೆ ಕೊಡಬೇಕು. ಅಟ್ಟದಿಂದ ಬೆಕ್ಕು ಹಾರಿ ಹರವಿ ಬಿತ್ತು, ಒಡೆಯಿತು. ಸೊಸೆಯಂದಿರು ಇಷ್ಟು ವರ್ಷ ಅದರಲ್ಲಿ ತುಂಬಿಟ್ಟ ಸೀನೆಲ್ಲ ಪಡಸಾಲೆಗೆ ಬಂದವು. ಸಾಹುಕಾರನ ಮೂಗು ಕೆಂಪಾಯಿತು. ಅವನು ಕಿಸೆ ಮುಟ್ಟಿ ನೋಡಿಕೊಂಡ. ಕಣ್ಣು ಮುಚ್ಚಿದ. ಬಾಯಿ ತೆರೆದ.

ಚಿಗವ್ವ ಅಲ್ಲಿಗೆ ನಿಲ್ಲಿಸಿದಳು. ಕಾಗಿನೆಲೆಯಾಕೆ ಹೂಂ ಅಂದಳು. ಚಿಗವ್ವ ಮುಂದುವರಿಸಲಿಲ್ಲ. ತಲೆಯೆತ್ತಿ ಕಂಬದ ಕಡೆ ನೋಡಿದಳು. ನಾವೂ ನೋಡಿದೆವು. ಹಸಿರು ದೀಪ ಮಿಣುಕುತ್ತಿತ್ತು. ಅದರಿಂದ ಒಂದು ಸದ್ದೂ ಬರಲಿಲ್ಲ.

"ಖರೇನ ಬಂದ್ ಮಾಡ್ಯಾನ," ಅಂದಳು ಚಿಗವ್ವ. "ಇಂಥಲ್ಲಿ ನಿಂತ್ರ ಅಂವ ತಡಕೊಳ್ಳಾಂವಲ್ಲ."

ಪರೀಕ್ಷೆಯಲ್ಲಿ ಹುಡುಗ ಪಾಸಾಗಿದ್ದ. ಹೆಂಗಸರಿಗೆ ನೆಮ್ಮದಿಯಾಯಿತು, ನನಗೂ ಆಯಿತು. ನಾನು ಕಾನೂನು ಹಿಡಿದು ಹೊಡೆದಾಡಿದ್ದು ಇದಕ್ಕೇ ತಾನೆ. ಆದರೆ ಚಿಗವ್ವನ ಕಣ್ಣುಗಳು, ಬಟ್ಟೆಯ ಮೇಲೆ ಕಾಣುತ್ತಿದ್ದದ್ದು ಅವಷ್ಟೇ, ಗೆದ್ದವರ ಕಣ್ಣಿನ ಹಾಗಿರಲಿಲ್ಲ. ಆಕೆ ಬುಟ್ಟಿಯೊಳಗೆ ಕೈಯಾಡಿಸುತ್ತ, ಉಳಿದದ್ದು ನಾಳೆ ಹೇಳುತ್ತೇನೆ ಅಂದಳು. ಯಾವತ್ತೂ ಹಾಗೆ ಮುಂದೂಡಿದವಳಲ್ಲ. ಆಕೆಗೆ ಬೇಕಿದ್ದದ್ದು ಮುಚ್ಚಿದ ಕಿವಿಯಾಗಿರಲಿಲ್ಲ ಎಂದು ನನಗೆ ಆಗ ತಿಳಿಯಿತು. ನಾನು ತಿಂಗಳಿಂದ ಅದನ್ನೇ ಆಕೆಗೆ ಕೊಡಿಸಲು ಬಡಿದಾಡಿದ್ದೆ.

ಗೇಟಿನ ಹತ್ತಿರ ಬೈಕಿನ ಸದ್ದಾಯಿತು. ತಮ್ಮ. ರಾಣೆಬೆನ್ನೂರಿನಿಂದ ಈ ಹೊತ್ತಿಗೆ ಬರುವವನೇ ಅಲ್ಲ. ತಲೆಯ ಮೇಲೆ ಕರವಸ್ತ್ರ, ಮುಖವೆಲ್ಲ ಧೂಳು. ಯಾರನ್ನೂ ಮಾತಾಡಿಸದೆ ಬಂದು ಚಿಗವ್ವನ ಎದುರು ಒಂದು ಖಾಲಿ ಚೀಲ ಎಳೆದುಕೊಂಡು ಕೂತ. ಕಿಸೆ ಮುಟ್ಟಿ ನೋಡಿಕೊಂಡ. ಹೆಂಗಸರು ಒಬ್ಬರನ್ನೊಬ್ಬರು ತಿವಿದರು.

"ಅಂಗಡಿ?" ಅಂದೆ ನಾನು.

"ಮುಚ್ಚಿ ಬಂದೆ." ನನ್ನ ಕಡೆ ತಿರುಗಲಿಲ್ಲ. "ಕದ್ದು ಕೇಳಾಕ ನಾಚಿಕಿ. ಕೇಳದ ಇರಾಕ ಆಗವಲ್ದು. ಹೇಳು ಚಿಗವ್ವಾ."

ಚಿಗವ್ವ ಏನೂ ಆಗಿಲ್ಲ ಅನ್ನುವ ಹಾಗೆ ಒಂದು ಕಾಯಿ ಎತ್ತಿಕೊಂಡು ತೊಟ್ಟು ಮುರಿದಳು.

"ಸಾವ್ಕಾರನ ಮೂಗು ಕೆಂಪಾತು."

"ಹೂಂ."

"ಕಿಸೆ ಮುಟ್ಟಿಗೊಂಡ."

"ಹೂಂ," ಅಂದ ತಮ್ಮ, ತುಟಿಯಂಚಿನಲ್ಲಿ ನಗುತ್ತ.

"ಕಣ್ಣು ಮುಚ್ಚಿದ. ಬಾಯಿ ತೆರೆದ."

ಮೂರನೆಯ ಹೂಂ ಬರಲಿಲ್ಲ. ವಖಾರದ ಒಡೆಯ, ಮೆಣಸಿನಕಾಯಿಯಲ್ಲೇ ಹುಟ್ಟಿ ಬೆಳೆದವನು, ಘಾಟಿಗೆ ಮೂಗು ಕಟ್ಟಿಕೊಳ್ಳಬೇಕೆಂಬುದನ್ನೇ ಮರೆತು ಆ ರಾಶಿಯ ಮಗ್ಗುಲಿಗೆ ಕೂತಿದ್ದ. ಅವನ ಮುಖ ಸೆಟೆಯಿತು, ಒಂದು ಕೈ ಮೇಲೆತ್ತಿದ, ತಡೆದ, ತಡೆಯಲಾಗಲಿಲ್ಲ. ಆ ಸೀನಿಗೆ ಮಾಡಿನ ಮೇಲಿನ ಪಾರಿವಾಳ ಹಾರಿದವು. ಒಂದರ ಹಿಂದೆ ಒಂದು, ನಿಲ್ಲುವ ಮಾತೇ ಇಲ್ಲ. ಕಾಗಿನೆಲೆಯಾಕೆ ಬುಟ್ಟಿ ಬದಿಗಿಟ್ಟು ನೆಲಕ್ಕೆ ಒರಗಿ ನಕ್ಕಳು. ನಾನು ನಗುತ್ತ ಕಣ್ಣೊರೆಸಿಕೊಂಡು, ಬೆರಳಿನ ಖಾರ ಕಣ್ಣಿಗೆ ತಾಗಿ, ಆಮೇಲೆ ಖರೇನೇ ಅತ್ತೆ.

ಚಿಗವ್ವ ತನ್ನ ಮೂಗಿನ ಬಟ್ಟೆ ಬಿಚ್ಚಿ ಅವನ ಮುಂದೆ ಹಿಡಿದಳು. ಬಹಳ ದಿನದ ಮೇಲೆ ಆಕೆಯ ಪೂರ್ತಿ ಮುಖ ನೋಡಿದೆ. ಅದರ ತುಂಬ ನಗು ಇತ್ತು.

"ಕಟ್ಟಿಕೋ ಮಗನ," ಅಂದಳು. "ಕತಿ ಇನ್ನೂ ಐತಿ."